ಮಡಿಕೇರಿ ಮಳೆಗೂ ಮದುವೆ ಮನೆಗೂ ಒಂದೇ ಸೆಂಟು ಆದೀತಾ? ಇಡಿಟಿ, ಇಡಿಪಿ, ಅತ್ತರು ಬಲ್ಲವರು ಹೇಳಿ

ಗಾಳಿಬೀಡು ಹುಡುಗಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಬ್ಯಾಂಕ್ ಕೆಲಸಕ್ಕೆ ಸೇರಿದ್ದೇನೆ. ಸ್ವಂತ ಸಂಬಳದಲ್ಲಿ ನನಗೇ ಅಂತ ಒಂದು ಒಳ್ಳೇ ಪರ್ಫ್ಯೂಮ್ ತಗೊಳ್ಳಬೇಕು ಅಂತ ತುಂಬಾ ಆಸೆ, ಆದರೆ ಎಲ್ಲಿಂದ ಶುರು ಮಾಡುವುದು ತಿಳಿಯುತ್ತಿಲ್ಲ. ಒಂದೇ ಹೆಸರಿನ ಬಾಟ್ಲಿ, ಒಂದರ ಮೇಲೆ ಇಡಿಟಿ, ಇನ್ನೊಂದರ ಮೇಲೆ ಇಡಿಪಿ, ಬೆಲೆಯಲ್ಲಿ ಮಾತ್ರ ಸಾವಿರಗಟ್ಟಲೆ ವ್ಯತ್ಯಾಸ. ದುಬೈಯಿಂದ ಚಿಕ್ಕಮ್ಮನ ಮಗಳು ತಂದುಕೊಟ್ಟದ್ದು ಅವಳ ಮೈಮೇಲೆ ಸಂಜೆವರೆಗೂ ಘಮ್ಮೆನ್ನುತ್ತದೆ. ನಾನು ಹಾಕಿಕೊಂಡರೆ ಬ್ಯಾಂಕಿನ ಬಾಗಿಲು ತೆಗೆಯುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಮೈಸೂರಿನ ಮಾಲ್‌ನಲ್ಲಿ ಕಾಗದದ ಪಟ್ಟಿಗೆ ಹಾಕಿ ಒಂದಾದ ಮೇಲೊಂದು ಮೂಗಿಗೆ ಹಿಡಿದರು, ಸ್ವಲ್ಪ ಹೊತ್ತಿಗೆ ಎಲ್ಲವೂ ಒಂದೇ ಅನಿಸಿತು.

ನನಗೆ ಇಷ್ಟವಾದ ಪರಿಮಳ ಯಾವುದು ಅಂದರೆ, ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಕಾಫಿ ಹೂ ಅರಳುತ್ತದಲ್ಲ, ಅದು. ಚಾಕೊಲೇಟು, ಕ್ಯಾರಮೆಲ್ ಥರದ ಸಿಹಿ ವಾಸನೆಗೆ ತಲೆ ನೋಯುತ್ತದೆ. ಕೌಂಟರ್ ಕೆಲಸ, ದಿನವಿಡೀ ಜನರ ಎದುರು ಕೂರಬೇಕು. ಏಪ್ರಿಲ್‌ನಲ್ಲಿ ಅಣ್ಣನ ಮದುವೆಯೂ ಇದೆ. ಮೂರು ಸಾವಿರದೊಳಗೆ ಆಗಬೇಕು. ದಯವಿಟ್ಟು ಹೇಳಿಕೊಡಿ.

ಪಾಲಿಬೆಟ್ಟ ರೈಡರ್

ಯೋಚನೆಯೇ ಬೇಡ, ಇಡಿಪಿ ತಗೊಳ್ಳಿ. ಎಣ್ಣೆ ಅಂಶ ಜಾಸ್ತಿ, ಹೆಚ್ಚು ಹೊತ್ತು ಬರುತ್ತೆ. ನಾನು ಊದ್, ಅಂದರೆ ಅಗರ್ ಮರದ ರಾಳದ ಘಮ, ಇರುವ ಇಡಿಪಿ ಹಾಕ್ತೇನೆ. ಬೆಳಗ್ಗೆ ಹಾಕಿದ್ದು ರಾತ್ರಿ ಜಾಕೆಟ್ ಬಿಚ್ಚುವಾಗಲೂ ಇರುತ್ತೆ.

ಸಂಪಾಜೆ ಘಾಟಿ

ಯಾವುದು ಬೇಕಾದರೂ ತಗೊಳ್ಳಿ ತಂಗಿ, ಆದರೆ ಕಾರು ಹತ್ತಿದ ಮೇಲೆ ಸ್ಪ್ರೇ ಮಾಡಬೇಡಿ. ನಾನು ಮಡಿಕೇರಿ-ಮಂಗಳೂರು ಟ್ಯಾಕ್ಸಿ ಓಡಿಸುವವನು. ಮಳೆಗೆ ಗಾಜು ಏರಿಸಿರುತ್ತೇವೆ, ಘಾಟಿಯ ತಿರುವು ಬೇರೆ. ಘಾಟಾದ ಸೆಂಟು ಹಾಕಿದವರು ಒಬ್ಬರು ಹತ್ತಿದರೂ ಸಾಕು, ಹಿಂದಿನ ಸೀಟಿನ ಮಕ್ಕಳು ಜೋಡುಪಾಲ ದಾಟುವ ಮೊದಲೇ ವಾಂತಿ ಮಾಡುತ್ತವೆ. ಸೆಂಟು ಹಾಕುವವರು ಪಕ್ಕದಲ್ಲಿ ಕೂರುವವರನ್ನೂ ನೆನಪಿಟ್ಟುಕೊಳ್ಳಬೇಕು.

ಕಾವೇರಿ ದಡ

ಗಾಳಿಬೀಡು ತಂಗಿ, ನಾನು ಕುಶಾಲನಗರದವಳು. ಮೈಸೂರಿನಲ್ಲಿ ಕೆಲವು ವರ್ಷ ಪರ್ಫ್ಯೂಮ್ ಕೌಂಟರ್‌ನಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಪ್ರಶ್ನೆ ದಿನಾ ಕೇಳುತ್ತಿದ್ದದ್ದೇ. ಕೌಂಟರ್‌ನಲ್ಲಿ ನಿಂತಾಗ ಇಷ್ಟು ವಿವರಿಸಲು ಪುರುಸೊತ್ತಿರುತ್ತಿರಲಿಲ್ಲ, ಇಲ್ಲಿ ಪೂರ್ತಿ ಬರೆಯುತ್ತೇನೆ.

ಬಾಟ್ಲಿಯಲ್ಲಿ ಇರುವುದು ಸುಗಂಧದ ಸಾರ, ಅದನ್ನು ಕರಗಿಸಿದ ಆಲ್ಕೊಹಾಲ್, ಸ್ವಲ್ಪ ನೀರು. ಆ ಸಾರದಲ್ಲಿ ಹೂವು, ಬೇರು, ಮರದಿಂದ ಇಳಿಸಿದ ಎಣ್ಣೆಯೂ ಇರುತ್ತದೆ, ಪ್ರಯೋಗಾಲಯದಲ್ಲಿ ತಯಾರಾದದ್ದೂ ಇರುತ್ತದೆ. ಸಾರದ ಪಾಲು ಎಷ್ಟು ಅನ್ನುವುದರ ಮೇಲೆ ಹೆಸರು. ಶೇಕಡಾ 20ರಿಂದ 30ರಷ್ಟಿದ್ದರೆ ಪರ್ಫಮ್ ಅಥವಾ ಎಕ್ಸ್‌ಟ್ರೇ. 15ರಿಂದ 20ರವರೆಗೆ ಓ ದ ಪರ್ಫಮ್, ಅದೇ ಇಡಿಪಿ. 5ರಿಂದ 15ರವರೆಗೆ ಓ ದ ತುವಾಲೆತ್, ಅಂದರೆ ಇಡಿಟಿ. 2ರಿಂದ 5ರವರೆಗೆ ಕೊಲೋನ್. ಬಾಡಿ ಮಿಸ್ಟ್‌ನಲ್ಲಿ ಇನ್ನೂ ಕಡಿಮೆ. ಡಿಯೋಡರೆಂಟ್ ಬೆವರಿನ ವಾಸನೆ ತಡೆಯಲು ಮಾಡಿದ್ದು, ಅದರ ಲೆಕ್ಕವೇ ಬೇರೆ.

ಈ ಅಂಕಿಗಳು ರೂಢಿಯಲ್ಲಿ ಬಂದವು, ಇಷ್ಟೇ ಇರಬೇಕು ಅಂತ ಕಾನೂನೇನೂ ಇಲ್ಲ. ಒಂದು ಕಂಪನಿಯ ಇಡಿಟಿ ಇನ್ನೊಂದರ ಇಡಿಪಿಗಿಂತ ಹೆಚ್ಚು ಹೊತ್ತು ನಿಲ್ಲಬಹುದು. ಯಾಕೆಂದರೆ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನು ಪಾಲಿಗಿಂತ ಹೆಚ್ಚಾಗಿ ಒಳಗೆ ಏನಿದೆ ಅನ್ನುವುದು ತೀರ್ಮಾನಿಸುತ್ತದೆ. ನಿಂಬೆ, ಕಿತ್ತಳೆಯ ಅಣುಗಳು ಹಗುರ, ಎಷ್ಟು ಸುರಿದರೂ ಬೇಗ ಹಾರಿಹೋಗುತ್ತವೆ. ಶ್ರೀಗಂಧ, ಲಾವಂಚ, ಪಚೋಲಿ, ಕಸ್ತೂರಿ ಥರದವು ಭಾರ, ಸ್ವಲ್ಪವೇ ಇದ್ದರೂ ಚರ್ಮ ಬಿಟ್ಟು ಹೋಗುವುದಿಲ್ಲ. ಇನ್ನೊಂದು ವಿಷಯ, ಒಂದೇ ಹೆಸರಿನ ಇಡಿಟಿಗೆ ಸಾರ ಜಾಸ್ತಿ ಸುರಿದರೆ ಇಡಿಪಿ ಆಯಿತು ಅಂತಲ್ಲ. ಬಹಳ ಸಲ ಎರಡನ್ನೂ ಬೇರೆ ಬೇರೆಯಾಗಿಯೇ ಹೆಣೆದಿರುತ್ತಾರೆ. ಇಡಿಟಿ ತಾಜಾ, ಇಡಿಪಿ ದಪ್ಪ ಮತ್ತು ಸಿಹಿ. ನಿಮಗೆ ಸಿಹಿ ಆಗುವುದಿಲ್ಲ ಅಂದಿರಿ. ಹಾಗಾದರೆ ಹೆಚ್ಚು ದುಡ್ಡು ಕೊಟ್ಟು ಇಡಿಪಿ ತಂದು ಬೇಜಾರು ಪಡುವ ಸಾಧ್ಯತೆಯೇ ಜಾಸ್ತಿ.

ಈಗ ಕಾಗದದ ಪಟ್ಟಿ. ಪರ್ಫ್ಯೂಮ್ ಮೂರು ಹಂತದಲ್ಲಿ ಬಿಚ್ಚಿಕೊಳ್ಳುತ್ತದೆ. ಸ್ಪ್ರೇ ಮಾಡಿದ ತಕ್ಷಣ ಮೂಗಿಗೆ ಬಡಿಯುವುದು ಟಾಪ್ ನೋಟ್: ಬರ್ಗಮಾಟ್ (ನಿಂಬೆ ಜಾತಿಯ ಹಣ್ಣು), ನಿಂಬೆ, ಏಲಕ್ಕಿ, ಕರಿಮೆಣಸು. ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ನಡುವಿನ ಹಂತ, ಹಾರ್ಟ್ ನೋಟ್ ಅನ್ನುತ್ತಾರೆ: ಮಲ್ಲಿಗೆ, ಗುಲಾಬಿ, ಸುಗಂಧರಾಜ. ಕೊನೆಗೆ ಬೇಸ್ ನೋಟ್: ಮರ, ಬೇರು, ರಾಳ, ಕಸ್ತೂರಿ, ವೆನಿಲಾ. ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಬಾಟ್ಲಿ ಆರಿಸುವುದೆಂದರೆ ಒಗ್ಗರಣೆಯ ಘಮ ನೋಡಿ ಸಾರು ಹೇಗಿದೆ ಅಂತ ಹೇಳಿದ ಹಾಗೆ. ನೀವು ಇಡೀ ದಿನ ಬದುಕಬೇಕಾದದ್ದು ನಡುವಿನ ಮತ್ತು ಕೊನೆಯ ಹಂತದ ಜೊತೆ. ಪಟ್ಟಿಯ ಮೇಲೆ ಮೂಸಿದ್ದು ಬೇಡದವನ್ನು ಬಿಡಲು ಸಾಕು. ಇಷ್ಟವಾದ ಒಂದೋ ಎರಡೋ ಮಾತ್ರ ಮಣಿಕಟ್ಟಿಗೆ ಹಾಕಿಸಿಕೊಂಡು ಅಂಗಡಿಯಿಂದ ಹೊರಗೆ ಬನ್ನಿ. ಬಸ್ಸು ಹತ್ತಿ, ಮನೆಗೆ ಬನ್ನಿ, ಕೆಲಸ ಮಾಡಿ, ಸಂಜೆ ಮೂಸಿ ನೋಡಿ. ಆಗಲೂ ಹಿತವಾಗಿದ್ದರೆ ಮುಂದಿನ ಸಲ ಹೋದಾಗ ಕೊಳ್ಳಿ.

ಚಿಕ್ಕಮ್ಮನ ಮಗಳಿಗೆ ನಿಂತದ್ದು ನಿಮಗೇಕೆ ನಿಲ್ಲುವುದಿಲ್ಲ? ಎರಡು ಕಾರಣ ಇರಬಹುದು. ಒಂದು, ಒಣ ಚರ್ಮ ಸುವಾಸನೆ ಹಿಡಿದಿಡುವುದಿಲ್ಲ. ಸ್ನಾನ ಮಾಡಿ ವಾಸನೆ ಇಲ್ಲದ ಕ್ರೀಮ್ ತೆಳ್ಳಗೆ ಹಚ್ಚಿ, ಅದರ ಮೇಲೆ ಹಾಕಿ ನೋಡಿ. ಎರಡನೆಯದು ಜನ ನಂಬುವುದೇ ಇಲ್ಲ: ವಾಸನೆ ಹೋಗಿರುವುದಿಲ್ಲ, ನಿಮ್ಮ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಸದಾ ಜೊತೆಗಿರುವ ವಾಸನೆಯನ್ನು ಮಿದುಳು ಲೆಕ್ಕಕ್ಕೆ ತಗೊಳ್ಳುವುದು ಬಿಡುತ್ತದೆ. ಕೆಲವು ಕಸ್ತೂರಿ ಅಣುಗಳಂತೂ ಕೆಲವರ ಮೂಗಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ. ಹಾಗಾಗಿ ಮಧ್ಯಾಹ್ನ ಇನ್ನೊಮ್ಮೆ ಸುರಿದುಕೊಳ್ಳುವ ಮೊದಲು ಪಕ್ಕದ ಕೌಂಟರಿನವರನ್ನು ಕೇಳಿ.

ಗಾಳಿಬೀಡು ಹುಡುಗಿ

ಅಕ್ಕಾ, ತುಂಬಾ ಥ್ಯಾಂಕ್ಸ್. ನಿನ್ನೆ ಸಹೋದ್ಯೋಗಿಯನ್ನು ಕೇಳಿದೆ. ಮಧ್ಯಾಹ್ನ ಊಟದ ಹೊತ್ತಿಗೂ ಗೊತ್ತಾಗುತ್ತೆ ಅಂದರು! ನನ್ನ ಮೂಗಿಗೆ ಮಾತ್ರ ಏನೂ ಇರಲಿಲ್ಲ. ಕಾಫಿ ಹೂವಿನ ಥರದ್ದು ಬೇಕಾದರೆ ಪೆಟ್ಟಿಗೆ ಮೇಲೆ ಯಾವ ಹೆಸರು ಹುಡುಕಬೇಕು? ಇನ್ನೊಂದು, ಅಂಗಡಿಯಲ್ಲಿ ನಡುನಡುವೆ ಮೂಸಲು ಕಾಫಿ ಬೀಜದ ಬಟ್ಟಲು ಕೊಟ್ಟರು. ಅದರಿಂದ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಚೆಟ್ಟಳ್ಳಿ ರೊಬಸ್ಟಾ

ಕಾಫಿ ಬೀಜದ ವಿಷಯ ನಾನು ಹೇಳಲೇಬೇಕು. ಕಾಫಿ ಬೀಜ ಮೂಸಿದರೆ ಮೂಗು ಶುದ್ಧವಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅಮೆರಿಕದ ಬೆಲಾಯ್ಟ್ ಕಾಲೇಜಿನವರು ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ನಡುವೆ ಕಾಫಿ ಬೀಜ ಮೂಸಿದವರು, ನಿಂಬೆ ಹೋಳು ಮೂಸಿದವರು, ಬರೀ ಗಾಳಿ ಸೇವಿಸಿದವರು, ಮೂವರಲ್ಲೂ ವಾಸನೆ ಗುರುತಿಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ಹುರಿದ ಕಾಫಿಯಲ್ಲೇ ನೂರಾರು ಸುವಾಸನೆಯ ಅಣುಗಳಿವೆ. ದಣಿದ ಮೂಗಿಗೆ ಅದು ಇನ್ನೊಂದು ಹೊರೆ. ಹೊರಗೆ ಹೋಗಿ ಗಾಳಿ ತಗೊಳ್ಳಿ, ಇಲ್ಲವೇ ನಿಮ್ಮದೇ ಮೊಣಕೈ ಒಳಭಾಗ ಮೂಸಿ, ಸಾಕು.

ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ, ಮಾಡುವ ಕೋಣೆಯೊಳಗೆ ಪರ್ಫ್ಯೂಮ್ ಹಾಕಿಕೊಂಡು ಹೋಗುವ ಹಾಗೇ ಇಲ್ಲ. ಸುವಾಸನೆಯ ಸೋಪು, ಹ್ಯಾಂಡ್ ಕ್ರೀಮ್ ಕೂಡ ಬೇಡ ಅನ್ನುತ್ತಾರೆ. ಒಬ್ಬರ ಮೈಮೇಲಿನ ಮಲ್ಲಿಗೆ ಎಲ್ಲರ ಕಪ್ಪಿನಲ್ಲೂ ಕಾಣಿಸಿಕೊಳ್ಳುತ್ತದೆ. ತೋಟದ ಮನೆಗಳಲ್ಲಿ ಕಾಫಿ ರುಚಿ ತೋರಿಸಲು ಪ್ರವಾಸಿಗರನ್ನು ಕರೆಯುವವರು ಇದನ್ನು ಮೊದಲೇ ಹೇಳಿದರೆ ಒಳ್ಳೆಯದು.

ಕಾವೇರಿ ದಡ

ಚೆಟ್ಟಳ್ಳಿ ಅಣ್ಣ ಹೇಳಿದ್ದು ಸರಿ. ಕೌಂಟರ್‌ನಲ್ಲಿ ನಾವು ಆ ಬಟ್ಟಲು ಇಡುತ್ತಿದ್ದದ್ದು ರೂಢಿಗೆ ಅಷ್ಟೇ. ಒಂದು ಭೇಟಿಗೆ ಮೂರು ನಾಲ್ಕಕ್ಕಿಂತ ಹೆಚ್ಚು ಮೂಸದಿರುವುದೇ ನಿಜವಾದ ಉಪಾಯ.

ಕಾಫಿ ಹೂವಿನ ಬಗ್ಗೆ. ಅದರ ಪರಿಮಳ ಮಲ್ಲಿಗೆಗೆ ಬಹಳ ಹತ್ತಿರ, ಜೊತೆಗೆ ಕಿತ್ತಳೆ ಹೂವಿನ ಛಾಯೆಯೂ ಇದೆ. ತೋಟದ ಬದಿಯಲ್ಲಿ ಕೊಡಗಿನ ಕಿತ್ತಳೆ ಗಿಡ ಇರುವವರು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ನೀವು ನೋಡಬೇಕಾದದ್ದು ವೈಟ್ ಫ್ಲೋರಲ್, ಅಂದರೆ ಬಿಳಿ ಹೂವಿನ ಗುಂಪು. ಪೆಟ್ಟಿಗೆಯ ಮೇಲೆ ಜಾಸ್ಮಿನ್ ಸಾಂಬಕ್, ನೆರೋಲಿ, ಆರೆಂಜ್ ಬ್ಲಾಸಮ್ ಅಂತ ಇರಲಿ. ಸಾಂಬಕ್ ಅಂದರೆ ನಾವು ಮುಡಿಯುವ ದುಂಡು ಮಲ್ಲಿಗೆಯ ಜಾತಿ. ನೆರೋಲಿ ಅಂದರೆ ಹುಳಿ ಕಿತ್ತಳೆಯ ಹೂವನ್ನು ಭಟ್ಟಿ ಇಳಿಸಿದ ಎಣ್ಣೆ. ಟ್ಯೂಬ್‌ರೋಸ್ ಅಂದರೆ ಸುಗಂಧರಾಜ, ಅದೂ ಬಿಳಿ ಹೂವೇ, ಆದರೆ ಕೌಂಟರಿಗೆ ತುಸು ಜೋರು. ಪ್ರಲೀನ್, ಟೋಂಕಾ, ಕ್ಯಾರಮೆಲ್, ವೆನಿಲಾ ಕಂಡರೆ ಮುಂದೆ ಹೋಗಿ, ಅವು ಗೂರ್ಮಾಂಡ್, ಅಂದರೆ ತಿಂಡಿಯಂಥ ವಾಸನೆಯ ಗುಂಪಿನ ಸಿಹಿ. 1992ರಲ್ಲಿ ಏಂಜೆಲ್ ಅನ್ನುವ ಪರ್ಫ್ಯೂಮ್ ಬಂದ ಮೇಲೆ ಆ ರುಚಿ ಲೋಕವೆಲ್ಲ ಹಬ್ಬಿತು.

ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ಅಣು ಇದೆ. ಸ್ವಲ್ಪ ಇದ್ದರೆ ಹೂವಿಗೆ ಜೀವ, ಹೆಚ್ಚಾದರೆ ಬಾಡಿದ ಹೂವಿನ ಕೊಳೆತ ವಾಸನೆ. ಮುಡಿದ ಮಲ್ಲಿಗೆ ಮಾರನೆಯ ಬೆಳಗ್ಗೆ ಬೀರುವ ವಾಸನೆ ನೆನಪಿಸಿಕೊಳ್ಳಿ. ಕೆಲವು ಬಾಟ್ಲಿಗಳಲ್ಲಿ ಅದನ್ನು ಬೇಕೆಂದೇ ಉಳಿಸುತ್ತಾರೆ, ಕೆಲವುಗಳಲ್ಲಿ ಪೂರಾ ತೆಗೆದುಬಿಡುತ್ತಾರೆ. ತೆಗೆದದ್ದು ನನ್ನ ಮೂಗಿಗೆ ಸೋಪಿನ ಹಾಗೆ ಅನಿಸುತ್ತದೆ. ನಿಮಗೆ ಯಾವುದು ಹಿತ ಅಂತ ಮೈಮೇಲೆ ಹಾಕಿಯೇ ತಿಳಿಯಬೇಕು.

ಬಾಣಾವರ ಗಂಧ

ನಾನು ಸೋಮವಾರಪೇಟೆ ಕಡೆಯವನು, ವಯಸ್ಸಾದವನು. ಇಷ್ಟು ಹೊತ್ತು ಫ್ರೆಂಚ್ ಬಾಟ್ಲಿಯ ಮಾತೇ ಆಯಿತು, ನಮ್ಮದರ ಬಗ್ಗೆಯೂ ಎರಡು ಮಾತು ಹೇಳುತ್ತೇನೆ.

ಅತ್ತರಿನಲ್ಲಿ ಆಲ್ಕೊಹಾಲ್ ಇಲ್ಲ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಈಗಲೂ ಡೇಗ್ ಅನ್ನುವ ತಾಮ್ರದ ಹಂಡೆಯಲ್ಲಿ ಹೂವು ನೀರು ಹಾಕಿ ಕಟ್ಟಿಗೆಯ ಉರಿಯಲ್ಲಿ ಬೇಯಿಸುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು ಭಪ್ಕಾ ಅನ್ನುವ ಪಾತ್ರೆಯಲ್ಲಿರುವ ಗಂಧದೆಣ್ಣೆಗೆ ಇಳಿಯುತ್ತದೆ. ಗಂಧದೆಣ್ಣೆ ಹೂವಿನ ಘಮವನ್ನು ಹೀರಿ ಹಿಡಿದಿಡುತ್ತದೆ. ಸುಟ್ಟ ಮಣ್ಣಿನ ಬಿಲ್ಲೆಗಳಿಂದ ಮಿಟ್ಟಿ ಅತ್ತರನ್ನೂ ಇಳಿಸುತ್ತಾರೆ, ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯೇ ಅದು. ಕೊಡಗಿನವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದ ಶ್ರೀಗಂಧದ ಮಾತು ದೊಡ್ಡದು. ಟಿಪ್ಪು ಸುಲ್ತಾನ್ 1792ರಲ್ಲಿ ಅದನ್ನು ರಾಜವೃಕ್ಷ ಅಂತ ಸಾರಿದ. ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ 1916ರಲ್ಲಿ ಶುರುವಾಯಿತು, ನಾಲ್ವಡಿ ಕೃಷ್ಣರಾಜ ಒಡೆಯರ್ ಆಳುತ್ತಿದ್ದರು, ವಿಶ್ವೇಶ್ವರಯ್ಯನವರು ದಿವಾನರು. ಅದಕ್ಕೆ ಮೊದಲು ಕೊರಡು ಯುರೋಪಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧ ಬಂದು ಮರ ಇಲ್ಲೇ ಉಳಿದಾಗ ಎಣ್ಣೆಯನ್ನು ಇಲ್ಲೇ ಇಳಿಸುವ ಯೋಚನೆ ಬಂತು. ಒಳ್ಳೆಯ ಗಂಧದೆಣ್ಣೆಯಲ್ಲಿ ಸ್ಯಾಂಟಲಾಲ್ ಅನ್ನುವ ಅಂಶ ಶೇಕಡಾ 90ರ ಆಸುಪಾಸು ಇರಬೇಕು. ಅದು ಮೂಗಿಗೆ ಬಡಿಯುವುದಿಲ್ಲ, ಹಾಲಿನಂತೆ ನುಣುಪಾಗಿ ಮೈಗೆ ಅಂಟಿಕೊಂಡಿರುತ್ತದೆ.

ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ಸ್ಯಾಂಡಲ್‌ವುಡ್ ಅಂತ ಬರೆದದ್ದೆಲ್ಲ ನಮ್ಮ ಶ್ರೀಗಂಧವಲ್ಲ. ಆಸ್ಟ್ರೇಲಿಯಾದ ಬೇರೆ ಜಾತಿಯೂ ಇದೆ, ಪ್ರಯೋಗಾಲಯದ ಗಂಧದ ಅಣುಗಳೂ ಇವೆ. ಅಗ್ಗದ ಅತ್ತರಿನಲ್ಲಿ ಗಂಧದೆಣ್ಣೆಯ ಬದಲು ಪ್ಯಾರಾಫಿನ್ ಎಣ್ಣೆ ಇರುತ್ತದೆ. ನೂರು ರೂಪಾಯಿಗೆ ಗುಲಾಬಿ ಅತ್ತರು ಅಂದರೆ ಅದರಲ್ಲಿ ಗುಲಾಬಿಯೂ ಇಲ್ಲ, ಗಂಧವೂ ಇಲ್ಲ. ರಸ್ತೆ ಬದಿಯಲ್ಲಿ ಕಸ್ತೂರಿ ಅಂತ ಮಾರುವವರನ್ನು ನಂಬಲೇಬೇಡಿ. ಕಸ್ತೂರಿ ಮೃಗಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ನಿಜವಾದದ್ದಾದರೆ ಅದು ಅಪರಾಧ, ಸುಳ್ಳಾದರೆ ಮೋಸ. ಪರ್ಫ್ಯೂಮಿನಲ್ಲಿ ಈಗ ಬರುವ ಕಸ್ತೂರಿ, ಪುನುಗು ಎರಡೂ ಬಹುಪಾಲು ಪ್ರಯೋಗಾಲಯದ್ದೇ. ಅದು ಒಳ್ಳೆಯದೇ ಆಯಿತು, ತೋಟದ ಪುನುಗು ಬೆಕ್ಕು ತನ್ನ ಪಾಡಿಗೆ ಹಣ್ಣು ತಿಂದುಕೊಂಡಿರಲಿ.

ವಿರಾಜಪೇಟೆ ಟೀಚರ್

ಅಜ್ಜ, ಅತ್ತರಿನ ಬಗ್ಗೆ ಗೌರವ ಇದೆ, ಆದರೆ ನೈಸರ್ಗಿಕ ಅಂದ ಕೂಡಲೇ ನಿರುಪದ್ರವಿ ಅಂತ ಓದುವವರು ಅಂದುಕೊಳ್ಳಬಾರದು. ಬರ್ಗಮಾಟ್ ಮತ್ತು ನಿಂಬೆ ಜಾತಿಯ ಹಿಂಡಿ ತೆಗೆದ ಎಣ್ಣೆಯಲ್ಲಿ ಬಿಸಿಲಿಗೆ ಕೆರಳುವ ಅಂಶವಿದೆ. ಕುತ್ತಿಗೆಗೆ ಹಚ್ಚಿ ಬಿಸಿಲಲ್ಲಿ ನಿಂತರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಲಿನಲೂಲ್, ಲಿಮೊನೀನ್ ಹೂವು ಹಣ್ಣುಗಳಲ್ಲೇ ಇರುವವು, ಬಾಟ್ಲಿ ಹಳೆಯದಾಗಿ ಗಾಳಿ ಸೋಕಿದ ಮೇಲೆ ಅವೇ ಅಲರ್ಜಿಗೆ ಕಾರಣವಾಗುತ್ತವೆ. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಈ ಹೆಸರುಗಳಿರುತ್ತವೆ. ತುರಿಕೆ ಬರುವವರು ಓದಿ ನೋಡಬೇಕು. ಹೊಸದನ್ನು ಮೊದಲು ಮೊಣಕೈ ಒಳಭಾಗಕ್ಕೆ ಒಂದು ತೊಟ್ಟು ಹಾಕಿ ಒಂದೆರಡು ದಿನ ಕಾಯುವುದು ಕ್ಷೇಮ.

ನನ್ನ ತರಗತಿಯಲ್ಲಿ ಉಬ್ಬಸ ಇರುವ ಮಕ್ಕಳಿದ್ದಾರೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿರುತ್ತೇವೆ. ಶಾಲೆಗೆ ನಾನು ಏನೂ ಹಾಕಿಕೊಳ್ಳುವುದಿಲ್ಲ, ಭಾನುವಾರ ಮಾತ್ರ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು, ಬಾಣಂತಿ ಮನೆಗೆ ಹೋಗುವವರು ಕೂಡ ಹಾಗೇ ಮಾಡಿದರೆ ಒಳ್ಳೆಯದು.

ಬಾಣಾವರ ಗಂಧ

ಒಪ್ಪಿದೆ ತಾಯಿ. ಬಾಣಂತಿ ಮನೆಯ ಮಾತು ಸರಿಯಾಗಿ ಹೇಳಿದಿರಿ.

ಭಾಗಮಂಡಲ ಜೇನು

ಜೇನುಪೆಟ್ಟಿಗೆ ಹತ್ತಿರ ಹೋಗುವವರಿಗೂ ಇದೇ ಮಾತು. ಹೂವಿನ ಸೆಂಟು, ತಲೆಗೆ ಘಾಟಾದ ಎಣ್ಣೆ ಹಾಕಿಕೊಂಡು ಬರಬೇಡಿ. ಬಾಳೆಹಣ್ಣಿನ ಥರದ ವಾಸನೆಯಂತೂ ಬೇಡವೇ ಬೇಡ. ಜೇನುಹುಳ ಚುಚ್ಚುವಾಗ ಉಳಿದವಕ್ಕೆ ಎಚ್ಚರಿಕೆ ಕೊಡಲು ಬಿಡುವ ವಾಸನೆಯಲ್ಲಿ ಬಾಳೆಹಣ್ಣಿನಲ್ಲಿರುವ ಅಂಶವೇ ಇದೆ. ಕಾಫಿ ಹೂ ಬಿಟ್ಟಾಗ ತೋಟ ನೋಡಲು ಬರುವ ನೆಂಟರಿಗೆ ನಾನು ಫೋನಿನಲ್ಲೇ ಹೇಳಿಬಿಡುತ್ತೇನೆ.

ಪಾಲಿಬೆಟ್ಟ ರೈಡರ್

ಮುಚ್ಚಿದ ಜಾಗದಲ್ಲಿ ಕಮ್ಮಿ ಹಾಕಬೇಕು ಅನ್ನುವುದು ಒಪ್ಪುತ್ತೇನೆ. ಆದರೆ ಅಕ್ಕಾ, ನಮ್ಮಲ್ಲಿ ಚಳಿ. ಚಳಿಗೆ ಗಟ್ಟಿಯಾದದ್ದೇ ಬೇಕಲ್ಲವಾ? ಬೆಂಗಳೂರಿನ ಗೆಳೆಯರಿಗೆ ಇಡಿಟಿ ಸಾಕಾಗುತ್ತೆ, ಇಲ್ಲಿ ಗೊತ್ತೇ ಆಗಲ್ಲ. ಮತ್ತೆ ಊದ್ ಗಂಡಸರದ್ದು, ಹೂವು ಹೆಂಗಸರದ್ದು ಅಂತ ಅಂಗಡಿಯಲ್ಲಿ ಬೇರೆ ಬೇರೆ ಇಡುತ್ತಾರಲ್ಲ, ಅದಕ್ಕೆ ಕಾರಣ ಏನಾದರೂ ಇದೆಯಾ?

ಕಾವೇರಿ ದಡ

ಚಳಿಯ ಬಗ್ಗೆ ನೀವು ಹೇಳಿದ್ದರಲ್ಲಿ ಅರ್ಧ ನಿಜ ಇದೆ ತಮ್ಮ. ಪರಿಮಳ ಅಂದರೆ ಆವಿಯಾಗಿ ಮೂಗು ಮುಟ್ಟಿದ್ದು. ಬಿಸಿಯಿದ್ದರೆ ಬೇಗ ಏಳುತ್ತದೆ, ದೂರ ಹೋಗುತ್ತದೆ, ಬೇಗ ಮುಗಿಯುತ್ತದೆ. ತಣ್ಣಗಿದ್ದರೆ ನಿಧಾನವಾಗಿ ಏಳುತ್ತದೆ, ಮೈಗೆ ಹತ್ತಿರವೇ ಸುಳಿದಾಡುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಜೋರು ಮಳೆಯ ಕಕ್ಕಡ ತಿಂಗಳ ಬೆಳಗ್ಗೆ ಹಗುರ ನಿಂಬೆ ಕೊಲೋನ್ ಹಾಕಿದರೆ ಸ್ವೆಟರ್ ಒಳಗೇ ಉಳಿದುಬಿಡುತ್ತದೆ. ಆಗ ಏಲಕ್ಕಿ, ಕರಿಮೆಣಸು, ಲಾವಂಚ, ಗಂಧ ಇರುವುದು ಚೆನ್ನಾಗಿ ಒಪ್ಪುತ್ತದೆ. ಹೊರಗೆ ಹಸಿ ಮಣ್ಣು, ಪಾಚಿ, ಹೊಗೆಯ ವಾಸನೆ ಇರುವಾಗ ಲಾವಂಚದ ಬೇರಿನ ಘಮ ಎಷ್ಟು ಚಂದ ಕೂಡಿಕೊಳ್ಳುತ್ತದೆ ಅಂದರೆ, ನನಗಂತೂ ಮಳೆಗಾಲಕ್ಕೆ ಅದಕ್ಕಿಂತ ಬೇರೆ ಬೇಡ. ಉಣ್ಣೆ ಬಟ್ಟೆ ವಾಸನೆಯನ್ನು ದಿನಗಟ್ಟಲೆ ಹಿಡಿದಿಡುತ್ತದೆ ಅನ್ನುವುದೂ ನೆನಪಿರಲಿ. ನಿಮ್ಮ ಜಾಕೆಟ್ಟಿನ ಊದ್ ರಾತ್ರಿವರೆಗೆ ಉಳಿದದ್ದರಲ್ಲಿ ಜಾಕೆಟ್ಟಿನ ಪಾಲೂ ಇದೆ.

ಉಳಿದ ಅರ್ಧ ಹೀಗೆ. ಬ್ಯಾಂಕಿನ ಒಳಗೆ, ಬಸ್ಸಿನ ಒಳಗೆ ಚಳಿ ಇರುವುದಿಲ್ಲ. ಹೊರಗಿನ ಚಳಿಗೆ ಅಂತ ಆರೇಳು ಸ್ಪ್ರೇ ಹಾಕಿಕೊಂಡು ಒಳಗೆ ಬಂದರೆ ಎಲ್ಲ ಒಮ್ಮೆಗೇ ಏಳುತ್ತದೆ. ಕೊಡಗು ಒಂದೇ ಹವೆಯ ಊರೂ ಅಲ್ಲ. ಭಾಗಮಂಡಲದಲ್ಲಿ ಮಳೆ ಸುರಿಯುವಾಗ ನಮ್ಮ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಇಲ್ಲಿ ಮಾರ್ಚ್ ತಿಂಗಳಲ್ಲಿ ಊದ್ ಹಾಕಿದರೆ ನನಗೇ ಉಸಿರು ಕಟ್ಟುತ್ತದೆ.

ಗಂಡಸರದ್ದು, ಹೆಂಗಸರದ್ದು ಅನ್ನುವುದು ಮಾರುಕಟ್ಟೆಯವರ ವಿಂಗಡಣೆ. ಇವತ್ತು ಗಂಡಸರ ಸೆಂಟು ಅಂತ ನಾವು ಗುರುತಿಸುವ ವಾಸನೆಯ ಮೂಲ 1882ರಲ್ಲಿ ಊಬಿಗಾಂ ಕಂಪನಿ ತಂದ ಫುಜೇರ್ ರಾಯಲ್. ಲ್ಯಾವೆಂಡರ್, ಓಕ್ ಮರದ ಮೇಲೆ ಬೆಳೆಯುವ ಪಾಚಿಯಂಥ ಓಕ್‌ಮಾಸ್, ಜೊತೆಗೆ ಕೂಮರಿನ್. ಕೂಮರಿನ್ ಅಂದರೆ ಒಣಗಿದ ಹುಲ್ಲಿನ ಸಿಹಿ ಘಮ. ಅದನ್ನು ವಿಲಿಯಂ ಪರ್ಕಿನ್ 1868ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದ್ದ. ಈಗಲೂ ಕ್ಷೌರದ ಕ್ರೀಮು, ಆಫ್ಟರ್‌ಶೇವ್‌ಗಳಲ್ಲಿ ಇದೇ ಜಾಡು ಇರುತ್ತದೆ. ಅದಕ್ಕೇ ಮೂಸಿದ ತಕ್ಷಣ ಅಪ್ಪನ, ಮಾವನ ನೆನಪಾಗುತ್ತದೆ. ವಾಸನೆಗೆ ಹೆಣ್ಣು ಗಂಡು ಇಲ್ಲ, ನಮ್ಮ ಅಭ್ಯಾಸಕ್ಕಿದೆ. ಅರಬ್ ನಾಡಿನಲ್ಲಿ ಗುಲಾಬಿ ಅತ್ತರನ್ನು ಗಂಡಸರು ಹಚ್ಚುತ್ತಾರೆ, ಊದ್ ಅನ್ನು ಹೆಂಗಸರೂ ಹಚ್ಚುತ್ತಾರೆ. ನಿಮಗೆ ಮಲ್ಲಿಗೆ ಇಷ್ಟವಾದರೆ ಧೈರ್ಯವಾಗಿ ಹಾಕಿ.

ಊದ್ ಅಂದಿರಲ್ಲ, ಅದು ಅಗರ್ ಮರಕ್ಕೆ ಶಿಲೀಂಧ್ರ ತಗುಲಿದಾಗ ಮರ ತನ್ನ ರಕ್ಷಣೆಗೆ ಉತ್ಪತ್ತಿ ಮಾಡುವ ರಾಳ. ಆರೋಗ್ಯವಾಗಿರುವ ಮರದಲ್ಲಿ ಊದ್ ಇಲ್ಲ. ನಿಜವಾದ ಊದ್ ಎಣ್ಣೆ ಬಹಳ ದುಬಾರಿ. ಒಂದೆರಡು ಸಾವಿರದ ಬಾಟ್ಲಿಯಲ್ಲಿ ಬರುವುದು ಅದನ್ನು ಹೋಲುವ ಮಿಶ್ರಣ. ಅದರಲ್ಲಿ ತಪ್ಪೇನಿಲ್ಲ, ಇಷ್ಟವಾದರೆ ಸರಿ.

ಚೆಟ್ಟಳ್ಳಿ ರೊಬಸ್ಟಾ

ಪ್ರವಾಸಿಗಳ ಅಂಗಡಿಗಳಲ್ಲಿ ದೊಡ್ಡ ಬ್ರ್ಯಾಂಡಿನ ಹೆಸರಲ್ಲಿ ಐನೂರು ರೂಪಾಯಿಗೆ ಸಿಗುವವನ್ನು ಫಸ್ಟ್ ಕಾಪಿ ಅಂತ ತರುವವರಿದ್ದಾರೆ. ಅದರ ಬಗ್ಗೆ ಏನನ್ನುತ್ತೀರಿ?

ಕಾವೇರಿ ದಡ

ಬೇಡ. ಒಳಗೆ ಯಾವ ಆಲ್ಕೊಹಾಲ್ ಇದೆ, ಯಾವ ಬಣ್ಣ ಇದೆ ಯಾರಿಗೂ ಗೊತ್ತಿರುವುದಿಲ್ಲ. ಬೇರೊಬ್ಬರ ಪರಿಮಳದಿಂದ ಪ್ರೇರಿತ ಅಂತ ತಮ್ಮದೇ ಹೆಸರು, ವಿಳಾಸ, ಒಳಗಿರುವ ಪದಾರ್ಥಗಳ ಪಟ್ಟಿ ಹಾಕಿ ಮಾರುವ ಕಂಪನಿಗಳು ಬೇರೆ. ಅವುಗಳಲ್ಲಿ ಚೆನ್ನಾಗಿರುವವೂ ಇವೆ.

ಕಡಿಮೆ ದುಡ್ಡಿನವರಿಗೆ ನಾನು ಯಾವಾಗಲೂ ಹೇಳುವುದು ಸಣ್ಣ ಶೀಶೆ. ಎರಡು ಎಂಎಲ್ ಸ್ಯಾಂಪಲ್, ಹತ್ತು ಎಂಎಲ್ ಟ್ರಾವೆಲ್ ಬಾಟ್ಲಿ ಕಂಪನಿಗಳೇ ಮಾರುತ್ತವೆ. ಒಂದು ಸ್ಪ್ರೇಗೆ ಸುಮಾರು 0.1 ಎಂಎಲ್ ಬರುತ್ತದೆ. ಅಂದರೆ ಹತ್ತು ಎಂಎಲ್‌ನಲ್ಲಿ ನೂರರಷ್ಟು ಸ್ಪ್ರೇ, ದಿನಕ್ಕೆರಡರಂತೆ ಹೆಚ್ಚುಕಡಿಮೆ ಐವತ್ತು ದಿನ. ಮೂರು ಸಾವಿರಕ್ಕೆ ಒಂದೇ ದೊಡ್ಡ ಬಾಟ್ಲಿ ತರುವ ಬದಲು ಎರಡು ಮೂರು ಸಣ್ಣವು ತಂದು, ಒಂದನ್ನು ಮಳೆಯಲ್ಲಿ, ಒಂದನ್ನು ಬಿಸಿಲಲ್ಲಿ ಹಾಕಿ ನೋಡಿ.

ಇನ್ನೊಂದು, ಒಬ್ಬರಿಗೆ ಒಪ್ಪಿದ ಪರಿಮಳ ಇನ್ನೊಬ್ಬರಿಗೂ ಒಪ್ಪಬೇಕೆಂದಿಲ್ಲ. ಪರ್ಫ್ಯೂಮ್ ಮಾಡುವವರು ನಮ್ಮ ಕಡೆಯ ದವನದ ಎಣ್ಣೆಯನ್ನು ಮೆಚ್ಚುವುದಕ್ಕೆ ಒಂದು ಕಾರಣ, ಅದು ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಬಗೆಯಾಗಿ ತೆರೆದುಕೊಳ್ಳುತ್ತದೆ ಅನ್ನುವುದು. ಎಲ್ಲ ಪರಿಮಳಕ್ಕೂ ಸ್ವಲ್ಪ ಮಟ್ಟಿಗೆ ಈ ಗುಣ ಇದೆ. ಗೆಳತಿಯ ಮೈಮೇಲೆ ಚೆನ್ನಾಗಿದೆ ಅನ್ನುವುದು ಕೊಳ್ಳಲು ಕಾರಣವಾಗಬಾರದು. ಒಮ್ಮೆ ಹಾಕಿ ನೋಡಲು ಕಾರಣವಾಗಲಿ.

ಪೊನ್ನಂಪೇಟೆ ರೇಷ್ಮೆ

ಮದುವೆ ವಿಷಯ ಯಾರೂ ಮಾತಾಡಲಿಲ್ಲ. ನಾನು ಸೀರೆ ಕುಚ್ಚು, ಬ್ಲೌಸ್ ಕೆಲಸ ಮಾಡುವವಳು. ರೇಷ್ಮೆ ಸೀರೆ ಮೇಲೆ ನೇರ ಸ್ಪ್ರೇ ಮಾಡಬೇಡಿ. ಸೆರಗಿನ ಮೇಲೆ ಹಳದಿ ಕಲೆ ಮಾಡಿಕೊಂಡು ಬರುವವರು ಮದುವೆ ಕಾಲದಲ್ಲಿ ಇದ್ದೇ ಇರುತ್ತಾರೆ. ಆಲ್ಕೊಹಾಲ್ ಬಣ್ಣ ಬಿಡಿಸುತ್ತದೆ, ಎಣ್ಣೆ ಕಲೆ ಕೂರಿಸುತ್ತದೆ, ಅತ್ತರಿನ ಕಲೆ ತೊಳೆದರೂ ಹೋಗುವುದಿಲ್ಲ. ಕುಪ್ಯ (ಕೊಡವರ ನಿಲುವಂಗಿ) ತೊಟ್ಟು ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಕಟ್ಟುವ ಗಂಡಸರಿಗೂ ಇದೇ ಮಾತು. ಮುತ್ತಿನ ಒಡವೆ ಹೊಳಪು ಕಳೆದುಕೊಳ್ಳುತ್ತದೆ. ಅರಗು ತುಂಬಿದ ಹಳೆಯ ಚಿನ್ನದ ಗುಂಡುಗಳಿದ್ದರೆ ಇನ್ನೂ ಜೋಪಾನ, ಅರಗು ಆಲ್ಕೊಹಾಲ್‌ನಲ್ಲಿ ಕರಗುವ ವಸ್ತು. ಮೊದಲು ಸೆಂಟು, ಅದು ಆರಲಿ, ಆಮೇಲೆ ಸೀರೆ, ಕಡೆಗೆ ಒಡವೆ.

ತಲೆಯಲ್ಲಿ ಮಲ್ಲಿಗೆ ದಂಡೆ ಮುಡಿಯುವುದಾದರೆ ಅದರ ಜೊತೆ ಹೊಡೆದಾಡುವ ಸೆಂಟು ಹಾಕಬೇಡಿ. ನಿಜವಾದ ಹೂವಿನ ಪಕ್ಕ ಬಾಟ್ಲಿಯ ಹೂವು ಸಪ್ಪೆ. ಅದರ ಬದಲು ಬರೀ ಗಂಧ ಹಾಕಿ ನೋಡಿ, ಮಲ್ಲಿಗೆ ಎದ್ದು ಕಾಣುತ್ತದೆ.

ಗಾಳಿಬೀಡು ಹುಡುಗಿ

ಅಕ್ಕಾ, ಗಂಧದ ಜೊತೆ ಮಲ್ಲಿಗೆ ದಂಡೆ ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ! ಮದುವೆಗೆ ಅದೇ ಗಟ್ಟಿ. ಅಜ್ಜ ಹೇಳಿದ ಹಾಗೆ ಮೈಸೂರಿನಿಂದ ಒಂದು ಸಣ್ಣ ಶೀಶೆ ಗಂಧದೆಣ್ಣೆ ತರಿಸುತ್ತೇನೆ. ಬ್ಯಾಂಕಿಗೆ ನೆರೋಲಿ ಇರುವ ಇಡಿಟಿ ಸ್ಯಾಂಪಲ್, ಮಳೆಗಾಲಕ್ಕೆ ಲಾವಂಚದ್ದೊಂದು, ಎರಡಕ್ಕೂ ಆರ್ಡರ್ ಹಾಕಿದ್ದೇನೆ. ಗಂಧದೆಣ್ಣೆಯನ್ನು ನೇರವಾಗಿ ಮೈಗೆ ಹಚ್ಚಬಹುದಾ? ಮಣಿಕಟ್ಟು ಉಜ್ಜಬಾರದು ಅನ್ನುತ್ತಾರಲ್ಲ, ಅದು ನಿಜವಾ?

ಬಾಣಾವರ ಗಂಧ

ಒಂದು ತೊಟ್ಟು ಗಂಧದೆಣ್ಣೆಗೆ ಕೆಲವು ತೊಟ್ಟು ಕೊಬ್ಬರಿ ಎಣ್ಣೆಯೋ ಬಾದಾಮಿ ಎಣ್ಣೆಯೋ ಬೆರೆಸಿಕೊಳ್ಳಿ ಮಗಳೇ. ಟೀಚರಮ್ಮ ಹೇಳಿದಂತೆ ಮೊದಲು ಮೊಣಕೈಗೆ ಹಚ್ಚಿ ನೋಡಿ. ಕೊಬ್ಬರಿ ಎಣ್ಣೆಗೆ ಅದರದ್ದೇ ವಾಸನೆ ಇರುವುದರಿಂದ ಬಾದಾಮಿ ಮೇಲು. ಕಿವಿಯ ಹಿಂದೆ, ಕತ್ತಿನ ಗುಳಿಯಲ್ಲಿ ಸಾಕು. ಮೊದಲು ಏನೂ ವಾಸನೆ ಇಲ್ಲ ಅನಿಸುತ್ತದೆ. ಮೈಯ ಬಿಸಿಗೆ ನಿಧಾನವಾಗಿ ಏಳುತ್ತದೆ. ಅವಸರಪಟ್ಟು ಇನ್ನಷ್ಟು ಹಚ್ಚಬೇಡಿ.

ಕಾವೇರಿ ದಡ

ಉಜ್ಜಿದರೆ ಅಣುಗಳು ಒಡೆದುಹೋಗುತ್ತವೆ ಅನ್ನುವುದು ಸುಳ್ಳು, ಅಣು ಒಡೆಯುವಷ್ಟು ಬಲ ನಮ್ಮ ಕೈಗಿಲ್ಲ. ಉಜ್ಜಿದಾಗ ಬಿಸಿಯಾಗಿ ಮೊದಲ ಹಂತದ ಹಗುರ ಪರಿಮಳ ಬೇಗ ಹಾರಿಹೋಗುತ್ತದೆ, ಅಷ್ಟೇ. ನೆರೋಲಿ ಥರದ್ದಕ್ಕೆ ಉಜ್ಜದಿರುವುದೇ ಚೆಂದ. ಬ್ಯಾಂಕಿಗೆ ಎರಡು ಸ್ಪ್ರೇ ಸಾಕು, ಒಂದು ಎದೆಗೆ ಬಟ್ಟೆಯ ಒಳಗೆ, ಒಂದು ಕತ್ತಿನ ಹಿಂದೆ. ಮನೆಯಿಂದ ಹೊರಡುವ ಅರ್ಧ ಗಂಟೆ ಮೊದಲೇ ಹಾಕಿಕೊಳ್ಳಿ, ಮೊದಲ ಜೋರು ಮನೆಯಲ್ಲೇ ಇಳಿದಿರುತ್ತದೆ.

ಸಂಪಾಜೆ ಘಾಟಿ

ಅರ್ಧ ಗಂಟೆ ಮೊದಲು ಹಾಕುವ ಮಾತು ತುಂಬಾ ಒಳ್ಳೆಯದು. ನಮ್ಮ ಸ್ಟ್ಯಾಂಡಿನವರಿಗೂ ಹೇಳುತ್ತೇನೆ. ಒಂದು ಪ್ರಶ್ನೆ ನನ್ನದೂ ಇದೆ ಮೇಡಂ. ಮಗಳಿಗೆ ಹುಟ್ಟಿದ ಹಬ್ಬಕ್ಕೆ ಒಂದು ಬಾಟ್ಲಿ ತಂದಿದ್ದೇನೆ. ನಮ್ಮ ಮನೆಯಲ್ಲಿ ಜೂನ್ ಬಂತೆಂದರೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು. ಬಾಟ್ಲಿ ಎಲ್ಲಿಡುವುದು?

ಕಾವೇರಿ ದಡ

ಆಲ್ಕೊಹಾಲ್ ಇರುವುದರಿಂದ ಒಳಗೆ ಬೂಷ್ಟು ಬರುವುದಿಲ್ಲ ಅಣ್ಣ. ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆಯನ್ನು ಗಟ್ಟಿ ಮುಚ್ಚಳದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪುಡಿಕೆಯ ಜೊತೆ ಇಡಿ. ಪರ್ಫ್ಯೂಮ್ ಕೆಡುವುದು ಬೆಳಕಿಗೆ, ಬಿಸಿಗೆ, ಗಾಳಿಗೆ. ಕಿಟಕಿಯ ಬಳಿ ಬೇಡ, ಬಚ್ಚಲಲ್ಲಿ ಬೇಡ, ಹಂಡೆ ಒಲೆ ಇರುವ ಗೋಡೆಯ ಕಪಾಟು ಬೇಡ, ಕಾರಿನ ಡ್ಯಾಶ್‌ಬೋರ್ಡ್ ಅಂತೂ ಬೇಡವೇ ಬೇಡ. ಮುಚ್ಚಳ ಹಾಕಿ ನೇರ ನಿಲ್ಲಿಸಿ ಕತ್ತಲಲ್ಲಿ ಇಟ್ಟರೆ ವರ್ಷಗಟ್ಟಲೆ ಬರುತ್ತದೆ. ನಿಂಬೆ ಜಾತಿಯದ್ದಾದರೆ ಬೇಗ ಬಳಸಲು ಮಗಳಿಗೆ ಹೇಳಿ, ಅವು ಎಲ್ಲಕ್ಕಿಂತ ಮೊದಲು ಹುಳಿ ವಾಸನೆಗೆ ತಿರುಗುತ್ತವೆ.